ಮೆತ್ತೆ ಸುತ್ತಿದ ಮನೆ

ಮೇಸ್ತ್ರಿ ಬೀರುವಿಗೆ ಹೆಗಲು ಕೊಟ್ಟನೆಂದರೆ ಬೀರುವಿಗೇ ನಾಚಿಕೆಯಾಗುತ್ತಿತ್ತು, ತಾನು ಇಷ್ಟೊಂದು ಹಗುರವೇ ಎಂದು. ಮನೆ ಸಾಮಾನು ಸಾಗಿಸುವ ಕಸುಬಿನಲ್ಲಿ ಅವನಂಥ ಗಂಡಸು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣುತ್ತಿರಲಿಲ್ಲ. ಒಮ್ಮೆ ನಾಲ್ಕನೇ ಮಹಡಿಯಿಂದ ಮಂಚವೊಂದನ್ನು ಇಳಿಸಿ ಕೆಳಗೆ ಬಂದು ನೋಡಿದರೆ ಆ ಮನೆಯ ಅಜ್ಜ ಇನ್ನೂ ಅದರ ಮೇಲೆ ಗೊರಕೆ ಹೊಡೆಯುತ್ತಿದ್ದ, ಮಗ್ಗುಲು ಕೂಡ ಬದಲಿಸಿರಲಿಲ್ಲ. ಊರಿನ ಅರ್ಧ ಜನ ಈಗಿರುವ ಮನೆಯಲ್ಲಿರುವುದು ಮೇಸ್ತ್ರಿಯ ಬೆನ್ನಿನ ದಯೆಯಿಂದ. ಉಳಿದರ್ಧ ಜನ ಇದ್ದಲ್ಲೇ ಇರುವುದು ಅವನಿಗೆ ಪುರುಸೊತ್ತು ಸಿಗದ ಕಾರಣದಿಂದ.

ಆದರೂ ಜನ ಫೋನ್ ಮಾಡಿದಾಗ ಮೊದಲು ಕೇಳುತ್ತಿದ್ದದ್ದು ಅವನನ್ನಲ್ಲ. ‘ಗಾಜಕ್ಕ ಬರ್ತಾರಾ?’ ಎಂದು ಕೇಳುತ್ತಿದ್ದರು. ಗಾಜಕ್ಕ ಅಂದರೆ ಅವನ ಹೆಂಡತಿ. ಲೋಟ, ತಟ್ಟೆ, ಕನ್ನಡಿ, ಒಡೆಯುವಂಥದ್ದು ಏನಿದ್ದರೂ ಅದನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವುದು ಅವಳ ಕೆಲಸ. ಅವಳು ಸುತ್ತಿದ ಲೋಟವನ್ನು ಮಹಡಿಯಿಂದ ಎಸೆದರೆ ಅದು ಪುಟಿದು ವಾಪಸ್ ಮಹಡಿಗೇ ಬರಬೇಕು, ಹಾಗಿತ್ತು ಅವಳ ಕೈ. ಅದೂ ಅವಳು ಲೋಟದ ಕಡೆ ನೋಡುತ್ತಿದ್ದಳೇ? ಇಲ್ಲ. ಬೆರಳು ತಮ್ಮಷ್ಟಕ್ಕೆ ಸುತ್ತುತ್ತಿದ್ದವು. ಕಣ್ಣು ಆಳುಗಳ ಮೇಲೆ, ಬಾಯಿ ಮನೆಯೊಡತಿಯ ಜೊತೆ. ಪೆಟ್ಟಿಗೆ ತುಂಬುವಷ್ಟರಲ್ಲಿ ಆ ಮನೆಯ ಸೊಸೆ ಅತ್ತೆಗೆ ಹೇಳದೇ ಇಟ್ಟಿದ್ದೆಲ್ಲ ಗಾಜಕ್ಕನಿಗೆ ಗೊತ್ತಾಗಿರುತ್ತಿತ್ತು. ಆ ಪೆಟ್ಟಿಗೆಗಳನ್ನು ವ್ಯಾನಿನಲ್ಲಿ ಸಾಗಿಸುತ್ತಿದ್ದವನು ಅವಳ ತಮ್ಮ. ಸಣಕಲು ಆಸಾಮಿ, ಎಲ್ಲರೂ ಅವನನ್ನು ಹಗ್ಗ ಅನ್ನುತ್ತಿದ್ದರು. ಅವನ ಡ್ರೈವಿಂಗಿಗೆ ರಸ್ತೆಯ ಗುಂಡಿಗಳೇ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಅಷ್ಟಾದರೂ ಗಾಜಕ್ಕನ ಪೆಟ್ಟಿಗೆಯಲ್ಲಿ ಒಂದು ಲೋಟಕ್ಕೆ ಕೂದಲೆಳೆಯಷ್ಟು ಬಿರುಕು ಬಂದದ್ದಿಲ್ಲ.

ಅಂಥವಳ ಕಣ್ಣು ಹೋಯಿತು.

ಒಂದೇ ಸಲ ಹೋಗಲಿಲ್ಲ. ಅಂಚಿನಿಂದ ಕತ್ತಲು ಸರಿಯುತ್ತ ಸರಿಯುತ್ತ ಬಂದು, ಕೊನೆಗೆ ಕಿಟಕಿ ಯಾವ ಕಡೆ ಅನ್ನುವಷ್ಟು ಬೆಳಕು ಮಾತ್ರ ಉಳಿಯಿತು. ಆಸ್ಪತ್ರೆಯ ಡಾಕ್ಟರು ಒಳ್ಳೆಯವರೇ. ‘ಕಣ್ಣಿನ ನರ ಒಣಗಿದೆ, ನಮ್ಮ ಕೈಲಾದದ್ದೆಲ್ಲ ಮಾಡಿದ್ದೇವೆ’ ಎಂದು ಮೆಲ್ಲಗೆ ಹೇಳಿ ಮುಂದಿನವರನ್ನು ಒಳಗೆ ಕರೆದರು. ಇನ್ನು ಮುಂದೇನು ಎಂದು ಅವರು ಹೇಳಲಿಲ್ಲ, ಮೇಸ್ತ್ರಿ ಕೇಳಲಿಲ್ಲ. ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ದಾರಿ ತಪ್ಪಿದರೂ ಅವನು ಯಾರನ್ನೂ ವಿಚಾರಿಸಿದವನಲ್ಲ. ದಾರಿಯೇ ಸುಸ್ತಾಗಿ ತಾನಾಗಿ ಇವನಿದ್ದ ಕಡೆ ತಿರುಗಿಕೊಳ್ಳುವ ತನಕ ‘ನಡಿ ಮುಂದೆ’ ಅನ್ನುವವನು.

ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಒಡೆಯುವ ಸಾಮಾನನ್ನು ಕಾಪಾಡಬೇಕೆಂದರೆ ಮೊದಲು ದಾರಿ ಖಾಲಿ ಮಾಡಬೇಕು, ಆಮೇಲೆ ಮೂಲೆಮೂಲೆಗೂ ಮೆತ್ತೆ ಸುತ್ತಬೇಕು. ಆಸ್ಪತ್ರೆಯಿಂದ ಬಂದ ದಿನವೇ ಶುರು ಹಚ್ಚಿಕೊಂಡ. ನಡುಮನೆಯ ಮೇಜು, ಕುರ್ಚಿ, ಬಾಗಿಲ ಬದಿಯ ಚಪ್ಪಲಿ ಸ್ಟ್ಯಾಂಡು, ಹೊಲಿಗೆ ಮಿಷನ್ನು, ಅವಳು ತವರಿನಿಂದ ತಂದ ಮರದ ಪೆಟ್ಟಿಗೆ, ಎಲ್ಲ ಗೋಡೌನಿಗೆ ಹೋದವು. ಹೋಗಲೊಲ್ಲದ ಬೀರು ಮತ್ತು ಮಂಚಕ್ಕೆ, ನಡುವಿನ ಕಂಬಕ್ಕೆ, ಬಾಗಿಲ ಚೌಕಟ್ಟಿಗೆ, ಅಡುಗೆಕಟ್ಟೆಯ ಅಂಚಿಗೆ, ಗೋಡೆಗೆ ಎದೆಯೆತ್ತರದ ತನಕ ಕಂಬಳಿ ಸುತ್ತಿ, ಸ್ಪಂಜು ಇಟ್ಟು, ಟೇಪು ಬಿಗಿದ. ಆ ಮನೆಯನ್ನು ಎತ್ತಿ ಬೆಟ್ಟದಿಂದ ಉರುಳಿಸಿದ್ದರೂ ಒಳಗಿದ್ದವರ ತಲೆಗೂದಲು ಕೊಂಕುತ್ತಿರಲಿಲ್ಲ. ಗಾಜಿನ ಸಾಮಾನೆಲ್ಲ ತಾನೇ ಸುತ್ತಿ ಅಟ್ಟಕ್ಕೆ ಹಾಕಿದ. ಕುಡಿಯುವ ನೀರಿಗೆ ಪ್ಲಾಸ್ಟಿಕ್ ಮಗ್ಗು ಬಂತು.

ಹೆಂಡತಿಯನ್ನು ನಡೆಸುವುದೂ ಅದೇ ವಿದ್ಯೆಯಲ್ಲಿ. ಅವಳ ಹಿಂದೆ ನಿಂತು, ಎರಡೂ ತೋಳು ಹಿಡಿದು ಮುಂದಕ್ಕೆ ತಳ್ಳುತ್ತಿದ್ದ. “ಹಾಂ, ಬರಲಿ. ಎಡಕ್ಕೆ ಕೊಂಚ. ಸಾಕು. ಈಗ ಮುಂದಿನ ಕಾಲು ಎತ್ತು. ಮೂಲೆ, ಮೂಲೆ, ಮೂಲೆ. ತಿರುಗು. ಇಳಿಸು.”

“ರೀ, ನಾನೇನು ಬೀರುವಾ?”

“ಬೀರು ಆಗಿದ್ರೆ ಮಾತಾಡ್ತಿರಲಿಲ್ಲ,” ಅಂದ ಮೇಸ್ತ್ರಿ.

ಆಗ ನಕ್ಕಿದ್ದಳು. ಆಮೇಲಾಮೇಲೆ ನಗು ಕಮ್ಮಿಯಾಯಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಎದ್ದರೆ ನಡುಮನೆಯಲ್ಲಿ ನಿಂತು ಕೈ ಚಾಚುತ್ತಿದ್ದಳು. ಕೈಗೆ ಗಾಳಿ ಸಿಗುತ್ತಿತ್ತು. ಏನಾದರೂ ಸಿಕ್ಕರೆ ಅದೂ ಕಂಬಳಿಯೇ. ಬೀರುವೂ ಕಂಬಳಿ, ಕಂಬವೂ ಕಂಬಳಿ, ಗೋಡೆಯೂ ಕಂಬಳಿ. ಹಾಗೆ ಒಂದು ಮಧ್ಯಾಹ್ನ ಅಡುಗೆಮನೆ ಹುಡುಕುತ್ತ ಬಚ್ಚಲಿಗೆ ಹೋಗಿ ಅಲ್ಲೇ ಕೂತು ಅತ್ತಳು. ಅಂದಿನಿಂದ ಮಂಚದ ಪಕ್ಕದ ಕುರ್ಚಿ ಬಿಟ್ಟು ಏಳುವುದನ್ನೇ ನಿಲ್ಲಿಸಿದಳು. ಮಾತಾಡಲು ಬಾಯಿ ತೆರೆದರೆ ಇಡೀ ಬೀದಿ ಕೆಲಸ ಬಿಟ್ಟು ಕಿವಿಗೊಡುತ್ತಿದ್ದ ಹೆಂಗಸು, ಈಗ ಕೇಳಿದ್ದಕ್ಕೆ ಹೂಂ, ಊಹೂಂ.

ಮೇಸ್ತ್ರಿ ಇನ್ನೂ ಎರಡು ಪದರ ಸ್ಪಂಜು ಹಾಕಿದ.

ಒಂದು ವಾರದ ಮೊದಲಲ್ಲಿ ಗಾಜಕ್ಕ ತಾನಾಗಿ ಬಾಯಿ ಬಿಟ್ಟಳು. “ಭಾನುವಾರ ನನ್ನನ್ನ ತಂಗಿ ಮನೇಲಿ ಬಿಟ್ಟು ಬನ್ನಿ. ಅವಳ ಹತ್ರ ಮಾತಾಡಿದ್ದೀನಿ. ಅವಳ ಮನೇಲಿ ಹಿಂದಿನ ಕೋಣೆ ಖಾಲಿ ಇದೆಯಂತೆ.”

“ಎಷ್ಟು ದಿನಕ್ಕೆ?”

“ಸಾಮಾನು ಸಾಗಿಸಿದ ಮೇಲೆ ಯಾರಾದ್ರೂ ವಾಪಸ್ ತರ್ತಾರಾ? ನೀವೇ ಹೇಳಿ, ನಿಮ್ಮ ಕಸುಬು.”

“ಸರಿ, ಹಗ್ಗನಿಗೆ ವ್ಯಾನು ತರೋಕೆ ಹೇಳ್ತೀನಿ,” ಎಂದು ಮೇಸ್ತ್ರಿ ಹೊರಗೆ ಹೋಗಿ ಅಂಗಳದ ಕಲ್ಲಿಗೆ ಒದ್ದ. ಜೀವಮಾನದಲ್ಲಿ ಅವನು ಎತ್ತಲಾರೆ ಅಂದ ಸಾಮಾನಿರಲಿಲ್ಲ. ಇದೊಂದನ್ನು ಹೇಗೆ ಎತ್ತುವುದೋ ಅವನಿಗೆ ತಿಳಿಯಲಿಲ್ಲ.

ಶುಕ್ರವಾರ ಒಂದು ಆಫೀಸು ಬದಲಿಸುವ ಕೆಲಸ ಬಂತು. ಅಂಗವಿಕಲರಿಗೆ ನೆರವು ಕೊಡುವ ಕೇಂದ್ರವಂತೆ. ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿ, ಅದರೊಳಗೆ ಜೇಡಗಳು ಮದುವೆಯಾಗಿ ಮೊಮ್ಮಕ್ಕಳನ್ನು ಕಂಡಿದ್ದವು. ನೆರವು ಬೇಕಾದವರು ಮೆಟ್ಟಿಲ ಬುಡದಲ್ಲಿ ಗಾಲಿಕುರ್ಚಿ ನಿಲ್ಲಿಸಿಕೊಂಡು, ನೆರವು ಎಲ್ಲಿದೆ ಎಂದು ಆಕಾಶ ನೋಡಬೇಕಿತ್ತು. ಕಡೆಗೂ ಪಕ್ಕದ ಬೀದಿಯಲ್ಲಿ ನೆಲಮಾಳಿಗೆಯೂ ಅಲ್ಲದ, ಮಹಡಿಯೂ ಅಲ್ಲದ, ಹೊಸ್ತಿಲೇ ಇಲ್ಲದ ಒಂದು ಜಾಗ ಸಿಕ್ಕಿತ್ತು.

“ಭಾವ, ಇಂಥವರು ಮೂರನೇ ಮಹಡಿ ಯಾಕೆ ಹಿಡಿದಿದ್ರು?” ಕೇಳಿದ ಹಗ್ಗ, ಮೇಜಿನ ಇನ್ನೊಂದು ತುದಿ ಹಿಡಿದು.

“ನಮಗೆ ಕೆಲಸ ಸಿಗಲಿ ಅಂತ. ತಗ್ಗಿಸು.”

ಹೊಸ ಜಾಗದಲ್ಲಿ ಸಾಮಾನು ಇಡಿಸಲು ನಿಂತಿದ್ದವರು ನಡುವಯಸ್ಸಿನ ಒಬ್ಬ ಹೆಂಗಸು. ಕೈಯಲ್ಲಿ ಉದ್ದನೆಯ ಬಿಳಿ ಕೋಲು. ಎಲ್ಲರೂ ಅವರನ್ನು ಟೀಚರ್ ಅನ್ನುತ್ತಿದ್ದರು. ಕಣ್ಣು ಕಾಣದವರಿಗೆ ನಡೆಯಲು, ಮನೆ ನಡೆಸಲು, ಕೆಲಸಕ್ಕೆ ಹೋಗಲು ಕಲಿಸುವುದು ಅವರ ಉದ್ಯೋಗ. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಹಾಗಂತ ಅವರಿಂದ ಏನಾದರೂ ತಪ್ಪಿಸಿಕೊಳ್ಳಲು ಸಾಧ್ಯವೇ? ಕೋಲಿನ ತುದಿ ನೆಲದ ಮೇಲೆ ಅತ್ತಿತ್ತ ಆಡಿಸುತ್ತ ಒಂದು ಸುತ್ತು ಹೋಗಿ ಬಂದರೆ, ಯಾವ ಇರುವೆ ಕೆಲಸ ಕದಿಯುತ್ತಿದೆ ಅನ್ನುವುದೂ ಅವರಿಗೆ ಗೊತ್ತಾಗುವ ಹಾಗಿತ್ತು.

ಮೇಸ್ತ್ರಿ ಅವರನ್ನು ನೋಡಿದ. ಪಾಪ, ಎಡವಿ ಬಿದ್ದಾರು ಎಂದು, ಅವರು ಹೇಳಿದ್ದನ್ನೆಲ್ಲ ಬದಿಗಿಟ್ಟು, ಮೇಜು ಕುರ್ಚಿಗಳನ್ನು ಹಿಂದಿನ ಕೋಣೆಗೆ ತುಂಬಿ, ಮುಂದಿನ ಕೋಣೆಯನ್ನು ಆಟದ ಮೈದಾನದಷ್ಟು ಸಪಾಟು ಮಾಡಿಟ್ಟ. ಟೀಚರ್ ಒಳಗೆ ಬಂದು, ಕೋಲು ಆಡಿಸಿ, ನಿಂತುಬಿಟ್ಟರು.

“ಮೇಸ್ತ್ರಿಗಳೇ, ನನ್ನ ಮೇಜು ಎಲ್ಲಿ?”

“ನಿಮಗೆ ಅಡ್ಡ ಆಗಬಾರದು ಅಂತ ಆಚೆ ಇಟ್ಟಿದ್ದೀನಿ ಮೇಡಂ. ಈಗ ಆರಾಮಾಗಿ ಓಡಾಡಬಹುದು.”

“ಎಲ್ಲಿಗೆ ಓಡಾಡ್ಲಿ?” ಟೀಚರ್ ಕೇಳಿದರು. “ನಾನು ಹೇಳಿದ ಹಾಗೆ ಇಟ್ಟಿದ್ರೆ, ಬಾಗಿಲಿಂದ ಬಂದೆ, ಬಲಗೈಗೆ ಕಪಾಟು ಸಿಕ್ತು, ಕಪಾಟು ಮುಗಿದ ಕೂಡಲೇ ಮೇಜು, ಮೇಜಿನ ಆ ತುದಿಯಿಂದ ನೇರ ಹೋದ್ರೆ ನೀರಿನ ಫಿಲ್ಟರು. ನನಗೆ ಅದೇ ರಸ್ತೆ, ಅದೇ ಬೋರ್ಡು. ಎಲ್ಲ ತೆಗೆದುಬಿಟ್ರೆ ಸಮುದ್ರದ ನಡುವೆ ಬಿಟ್ಟ ಹಾಗಾಯ್ತಲ್ಲಪ್ಪ. ನಿಮ್ಮನ್ನ ಹಾಗೆ ಬಿಟ್ಟು ‘ಆರಾಮಾಗಿ ಓಡಾಡಿ, ಏನೂ ಅಡ್ಡ ಇಲ್ಲ’ ಅಂದ್ರೆ ಹೇಗಿರುತ್ತೆ?”

ಹಗ್ಗ ಕಿಸಕ್ಕನೆ ನಕ್ಕ. ಭಾವನ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡ.

ಮೇಸ್ತ್ರಿಗೆ ಮುಂದಿನ ಮಾತು ಕೇಳಿಸಿರಲಿಲ್ಲ. ಅವನಿಗೆ ಕಂಡದ್ದು ತನ್ನ ನಡುಮನೆ. ಅದರ ನಟ್ಟನಡುವೆ ಕೈ ಚಾಚಿ ನಿಂತ ಹೆಂಡತಿ. ಆಗಷ್ಟೇ ವ್ಯಾನಿನಿಂದ ಬೆನ್ನ ಮೇಲೆ ತಂದಿದ್ದ ಕಬ್ಬಿಣದ ಕಪಾಟನ್ನು ಇಳಿಸುವುದೂ ಮರೆತು, ಅದನ್ನು ಹೊತ್ತುಕೊಂಡೇ ನಿಂತ. ಎಷ್ಟು ಹೊತ್ತು ನಿಂತನೆಂದರೆ ಕಪಾಟಿಗೇ ಕಾಲು ನೋಯತೊಡಗಿತ್ತು.

“ಮೇಡಂ,” ಅಂದ ಕಡೆಗೆ. “ಒಂದು ವಿಷಯ ಕೇಳಬೇಕಿತ್ತು.”

ಹಗ್ಗನ ಕೈಯಿಂದ ಟೇಪಿನ ಸುರುಳಿ ಜಾರಿ ಬಿತ್ತು. ತನ್ನ ಭಾವನ ಬಾಯಿಂದ ಆ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಕೇಳಲು ಶುರು ಮಾಡಿದ ಮೇಸ್ತ್ರಿ ನಿಲ್ಲಿಸಲಿಲ್ಲ. ಆಸ್ಪತ್ರೆ, ಗೋಡೌನು, ಸ್ಪಂಜು, ಬಚ್ಚಲು, ಭಾನುವಾರ, ಎಲ್ಲ ಕಕ್ಕಿದ. ಟೀಚರ್ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಆಸ್ಪತ್ರೇಲಿ ನಮ್ಮ ಕೇಂದ್ರದ ವಿಷಯ ಯಾರೂ ಹೇಳಲಿಲ್ವಾ?”

“ಇಲ್ಲ ಮೇಡಂ.”

“ಹೇಳಬೇಕಿತ್ತು. ಕಣ್ಣಿನ ಕೆಲಸ ಮುಗೀತು ಅಂದ್ರೆ ಮನುಷ್ಯರ ಕೆಲಸ ಮುಗೀತು ಅಂತಲ್ಲ.” ಕೋಲನ್ನು ಬಗಲಿಗೆ ಸೇರಿಸಿಕೊಂಡರು. “ನಾಳೆ ಬರ್ತೀನಿ. ನಿಮ್ಮವರಿಗೆ ನಾನು ಬರೋದು ಇಷ್ಟವಾ ಅಂತ ಮೊದಲು ಅವರನ್ನೇ ಕೇಳಿ. ಹಾಗೇ ಆ ಕಪಾಟು ಇಳಿಸಿ. ಆಗಿಂದ ನಿಮ್ಮ ಏದುಸಿರು ಕೇಳಿಸ್ತಾ ಇದೆ.”

“ಏದುಸಿರಲ್ಲ ಮೇಡಂ,” ಅಂದ ಮೇಸ್ತ್ರಿ, ಇಳಿಸುತ್ತ. “ನಾನು ಉಸಿರಾಡೋದೇ ಹಾಗೆ.”

ಗಾಜಕ್ಕನನ್ನು ಕೇಳಿದಾಗ ಅವಳು ಭುಜ ಕುಣಿಸಿದಳು. “ಬರ್ಲಿ ಬಿಡಿ. ಹೋಗೋಳಿಗೆ ಯಾರು ಬಂದ್ರೇನು.”

ಶನಿವಾರ ಬೆಳಿಗ್ಗೆ ಹಗ್ಗ ಟೀಚರನ್ನು ವ್ಯಾನಿನಲ್ಲಿ ಕರೆತಂದ. ಅವರು ಅವನ ಮೊಣಕೈ ಹಿಡಿದು, ಅವನಿಗಿಂತ ಅರ್ಧ ಹೆಜ್ಜೆ ಹಿಂದೆ, ಬೀದಿಯಲ್ಲಿ ಗಾಳಿ ಸೇವನೆಗೆ ಹೊರಟವರ ಹಾಗೆ ನಡೆದು ಬಂದರು. ಮೇಸ್ತ್ರಿ ಬಾಯಿ ತೆರೆದುಕೊಂಡು ನೋಡಿದ. ತಳ್ಳುವವರಿಲ್ಲ, ‘ಮೂಲೆ, ಮೂಲೆ’ ಅನ್ನುವವರಿಲ್ಲ.

ಒಳಗೆ ಬಂದ ಟೀಚರ್ ಒಂದು ಸಲ ಕೆಮ್ಮಿ, ಸದ್ದು ಹೇಗೆ ಬರುತ್ತದೆ ಎಂದು ಕೇಳಿಸಿಕೊಂಡರು. ಸದ್ದು ಬರಲೇ ಇಲ್ಲ, ಕಂಬಳಿಗಳು ಕುಡಿದುಬಿಟ್ಟಿದ್ದವು. ಕೈ ಚಾಚಿದರು.

“ಇದೇನು?”

“ಕಂಬ,” ಅಂದ ಮೇಸ್ತ್ರಿ.

“ಇದು?”

“ಬೀರು.”

“ಇದು?”

“ಅದು ನಾನು ಮೇಡಂ,” ಅಂದ ಹಗ್ಗ. ಹೊದಿಕೆ ಹೆಗಲಿಗೆ ಹಾಕಿಕೊಂಡು ಬೀರುವಿನ ಪಕ್ಕ ನಿಂತಿದ್ದ.

ಕುರ್ಚಿಯಿಂದ ಒಂದು ಸಣ್ಣ ನಗು ಬಂತು. ಬಹಳ ದಿನದಿಂದ ಬಳಸದ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಮೇಸ್ತ್ರಿ ತಿರುಗಿ ನೋಡುವಷ್ಟರಲ್ಲಿ ನಿಂತುಹೋಯಿತು.

ಟೀಚರ್ ನಗು ಬಂದ ಕಡೆಗೆ ಹೋಗಿ, ಮಂಚದ ತುದಿಯಲ್ಲಿ ಕೂತು, “ಬಾಯಾರಿಕೆ ಆಗಿದೆ ಕಣಮ್ಮ, ಕುಡಿಯೋಕೆ ನೀರು ಸಿಗುತ್ತಾ?” ಅಂದರು. ಗಾಜಕ್ಕ ಏಳಲಿಲ್ಲ. ಮೇಸ್ತ್ರಿ ಓಡಿ ಹೋಗಿ ಮಗ್ಗು ತಂದ. ಟೀಚರ್ ಅದನ್ನು ಬೆರಳಿಂದ ತಟ್ಟಿ ನೋಡಿದರು. “ಗಾಜಕ್ಕ ಅಂತ ಹೆಸರು ಕೇಳಿ ಬಂದೆ. ಮನೇಲಿ ಒಂದು ಗಾಜಿನ ಲೋಟ ಇಲ್ವಾ?”

ಗಾಜಕ್ಕನೇ ಬಿಗಿಯಾಗಿ ಹೇಳಿದಳು: “ಅಟ್ಟದ ಮೇಲಿದೆ. ತೆಗೀರಿ. ಮನೆಗೆ ಬಂದೋರಿಗೆ ಮಗ್ಗಲ್ಲಿ ಕೊಡ್ತೀರಾ? ನನ್ನ ಮಾನ ಕಳೀಬೇಡಿ.”

ಪೆಟ್ಟಿಗೆ ಇಳಿಯಿತು. ಮೇಸ್ತ್ರಿ ಬಿಚ್ಚಲು ಬಗ್ಗಿದರೆ ಟೀಚರ್ “ಅದನ್ನ ಅವರ ಮಡಿಲಿಗೆ ಕೊಡಿ” ಅಂದರು. ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡ. ಒಡೆದೀತು ಅನ್ನುವ ಭಯವಲ್ಲ. ಒಡೆದರೆ ಇವಳು ಇನ್ನೇನಾಗಿಹೋದಾಳೋ ಅನ್ನುವ ಭಯ. ಆದರೂ ಕೊಟ್ಟ.

ಗಾಜಕ್ಕನ ಬೆರಳು ಪೆಟ್ಟಿಗೆಯೊಳಗೆ ಇಳಿದವು. ಮೇಲಿನ ಪೊಟ್ಟಣವನ್ನು ಎತ್ತಿ, ತಿರುಗಿಸಿ, ಹಿಸುಕಿದಳು. ಮೂಗಿನ ತುದಿ ಕೆಂಪಾಯಿತು.

“ಇದನ್ನ ಸುತ್ತಿದ ಮಹಾನುಭಾವ ಯಾರು?”

“ನಾನೇ,” ಅಂದ ಮೇಸ್ತ್ರಿ.

“ಲೋಟ ಸುತ್ತಿದ್ದೀರಾ, ಇಲ್ಲ ಹಾಸಿಗೆ ಸುತ್ತಿದ್ದೀರಾ? ಹೊಟ್ಟೆಗೆ ಇಷ್ಟು ಕಾಗದ, ಬಾಯಿಗೆ ಏನೂ ಇಲ್ಲ. ಒಡೆಯೋದು ಬಾಯಿ ತಾನೇ? ತಟ್ಟೆ ಮಲಗಿಸಿದ್ದೀರಲ್ಲ, ತಟ್ಟೆಗೇನು ಜ್ವರ ಬಂದಿತ್ತಾ? ನಿಲ್ಲಿಸಬೇಕು ಅಂತ ಎಷ್ಟು ವರ್ಷ ಬಡ್ಕೊಂಡಿಲ್ಲ ನಾನು? ಕಾಗದ ಕೊಡಿ ಇಲ್ಲಿ. ಏ ಹಗ್ಗ, ಸುಮ್ನೆ ಏನು ನಿಂತಿದ್ದೀಯ, ಟೇಪು ಹಿಡ್ಕೋ.”

ಬೈಯುತ್ತಲೇ ಲೋಟವನ್ನು ಬಿಚ್ಚಿದಳು. ಬೈಯುತ್ತಲೇ ಅಂಚನ್ನು ಬೆರಳಿಂದ ಸುತ್ತು ಹಾಕಿ ನೋಡಿ, ಬಾಯಿಗೆ ಕಾಗದ ತುರುಕಿ, ಓರೆಯಾಗಿ ಮಲಗಿಸಿ, ಉರುಳಿಸಿ, ಮಡಿಚಿ, ಪಕ್ಕಕ್ಕಿಟ್ಟಳು. ಇನ್ನೊಂದು. ಮತ್ತೊಂದು. ತಟ್ಟೆಗಳು ಎದ್ದು ನಿಂತವು. ಗಾಳಿಗಿಂತ ವೇಗವಾಗಿ ಕೆಲಸ ನಡೆಯಿತು. ಕಾಗದ ಸರಸರ ಅನ್ನುವ ಸದ್ದು ಕೇಳಿ ಬೀದಿಯವರು ಮಳೆ ಬಂತೆಂದು ಬಟ್ಟೆ ತೆಗೆಯಲು ಓಡಿದರು. ಗಾಜಕ್ಕನ ಮುಖ ಪೆಟ್ಟಿಗೆಯ ಕಡೆ ಇರಲೇ ಇಲ್ಲ. ಎಂದಿನ ಹಾಗೆ ಬೈಸಿಕೊಳ್ಳುವವನ ಕಡೆಗಿತ್ತು.

ಕೊನೆಯ ಪೊಟ್ಟಣ ಇಟ್ಟಾಗ ಟೀಚರ್ ಕೇಳಿದರು: “ಮೊದಲು ಈ ಕೆಲಸ ಕಣ್ಣಿಂದ ಮಾಡ್ತಿದ್ದಿರಾ?”

ಗಾಜಕ್ಕನ ಕೈ ಅಲ್ಲೇ ನಿಂತಿತು. “ಇಲ್ಲ. ಯಾವತ್ತೂ ನೋಡ್ತಿರಲಿಲ್ಲ.” ಮತ್ತೆ, ತನಗೇ ಹೇಳಿಕೊಂಡ ಹಾಗೆ, “ನೋಡ್ತಾನೇ ಇರಲಿಲ್ಲವಲ್ಲ.”

ಮೇಸ್ತ್ರಿ ಬಾಗಿಲ ಕಡೆ ತಿರುಗಿ ನಿಂತ. ಕಣ್ಣಲ್ಲಿ ಧೂಳು ಬಿದ್ದಿತ್ತು. ಅಂಥ ಧೂಳು ಆ ಊರಿಗೆ ಹಿಂದೆಂದೂ ಬಂದಿರಲಿಲ್ಲ.

ಅದಾದ ಮೇಲೆ ನಡೆದದ್ದು ಮನೆ ಖಾಲಿ ಮಾಡುವುದಲ್ಲ, ಮನೆ ತುಂಬುವುದು. ಟೀಚರ್ ಹೇಳಿದ್ದಿಷ್ಟೇ: “ಮೆತ್ತೆ ಬಿಚ್ಚಿ. ಕೈಗೆ ಬೀರು ಬೀರುವಿನ ಹಾಗೆ ಸಿಗಲಿ, ಕಂಬ ಕಂಬದ ಹಾಗೆ. ಬಾಗಿಲು ಒಂದೋ ಪೂರ್ತಿ ತೆರೆದಿರಲಿ, ಇಲ್ಲ ಪೂರ್ತಿ ಮುಚ್ಚಿರಲಿ. ಸಾಮಾನು ಎಲ್ಲಿರಬೇಕು ಅಂತ ಅವರು ಹೇಳಲಿ, ಹೇಳಿದ ಮೇಲೆ ಯಾರೂ ಸರಿಸಬೇಡಿ.” ಕಂಬಳಿಗಳು ಬಿಚ್ಚಿ ಬೀದಿಗೆ ಬಂದವು, ರಾಶಿ ಬೆಟ್ಟವಾಗಿ ಎದುರುಮನೆಯವರಿಗೆ ಮಧ್ಯಾಹ್ನಕ್ಕೇ ಸೂರ್ಯ ಮುಳುಗಿದ. ಗೋಡೌನಿನಿಂದ ಮೇಜು ಬಂತು, ಹೊಲಿಗೆ ಮಿಷನ್ನು ಬಂತು, ಮರದ ಪೆಟ್ಟಿಗೆ ಬಂತು. ಗಾಜಕ್ಕ ಕಂಬಕ್ಕೆ ಒರಗಿ ನಿಂತು ಹುಕುಂ ಮಾಡಿದಳು.

“ಪೆಟ್ಟಿಗೆ ಕಿಟಕಿ ಕೆಳಗೆ. ಅಷ್ಟಲ್ಲ ರೀ, ಇನ್ನೂ ಈಚೆ. ಸದ್ದು ಕೇಳಿಸಲ್ವಾ ನಂಗೆ? ಇನ್ನೂ ಈಚೆ.”

“ಇಪ್ಪತ್ತು ವರ್ಷ ಅದು ಆಚೆಯೇ ಇತ್ತಲ್ಲೇ.”

“ಇಪ್ಪತ್ತು ವರ್ಷದಿಂದ ಈಚೆ ತರಬೇಕು ಅಂತಿದ್ದೆ. ಇವತ್ತು ಎತ್ತೋಕೆ ಜನ ಸಿಕ್ಕಿದ್ದಾರೆ.”

ಸಾಮಾನೆಲ್ಲ ಕೂತ ಮೇಲೆ ಅವಳು ಮಂಚದ ಹತ್ತಿರದಿಂದ ಹೊರಟಳು. ಮಂಚದ ಕಾಲು, ಬೀರುವಿನ ತಣ್ಣನೆಯ ಬಾಗಿಲು, ಮೇಜಿನ ಅಂಚು, ಕಂಬದ ಸಿಪ್ಪೆಯೆದ್ದ ಬಣ್ಣ, ಅಡುಗೆಮನೆಯ ಚೌಕಟ್ಟು. ಯಾರೂ ತಳ್ಳಲಿಲ್ಲ. ಮೇಸ್ತ್ರಿಯ ಕೈ ಎರಡು ಸಲ ಚಾಚಿತು. ಎರಡು ಸಲವೂ ಹಗ್ಗ ಹಿಡಿದೆಳೆದ. ಒಲೆಯ ಹತ್ತಿರ ಪಾತ್ರೆಯ ಸದ್ದಾಯಿತು. ಒಂದಿಷ್ಟು ಹೊತ್ತಿನ ಮೇಲೆ ಗಾಜಕ್ಕ ಎಲ್ಲರಿಗೂ ಚಹಾ ತಂದಳು, ಒಂದೊಂದಾಗಿ, ಗಾಜಿನ ಲೋಟದಲ್ಲಿ. ಮೇಸ್ತ್ರಿಯ ಲೋಟದಲ್ಲಿ ಸಕ್ಕರೆಯ ಬದಲು ಉಪ್ಪಿತ್ತು. ಅಂಥ ರುಚಿಯ ಚಹಾವನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ. ತಳದ ತನಕ ಕುಡಿದು ತುಟಿ ಚಪ್ಪರಿಸಿದ.

“ಡಬ್ಬಿಗಳಿಗೆ ಗುರುತು ಹಾಕೋಣ,” ಅಂದರು ಟೀಚರ್. ಅವರಿಗೂ ಉಪ್ಪೇ ಬಂದಿತ್ತು. “ಕೇಂದ್ರದಲ್ಲಿ ಉಬ್ಬಿದ ಚುಕ್ಕಿ ಅಂಟಿಸೋದು ಸಿಗುತ್ತೆ, ಒಲೆ ತಿರುವೋ ಗುಂಡಿಗೂ ಅಂಟಿಸಬಹುದು. ಸಮಯ ಹೇಳೋ ಗಡಿಯಾರ ಇದೆ. ಫೋನು ಬಂದದ್ದನ್ನೆಲ್ಲ ಓದಿ ಹೇಳೋ ಹಾಗೆ ಮಾಡಿಕೊಡ್ತೀವಿ. ಕೋಲು ಹಿಡಿದು ರಸ್ತೆ ದಾಟೋದು ಕಲಿಸ್ತೀನಿ, ಅದಕ್ಕೆ ಟೈಮು ಹಿಡಿಯುತ್ತೆ. ಕೆಲಸಕ್ಕೆ ವಾಪಸ್ ಹೋಗೋರಿಗೆ ಅಲ್ಲಿಗೇ ಬಂದು ಜಾಗ ಹೊಂದಿಸಿಕೊಡೋರು ಇದ್ದಾರೆ. ನೀವು ಬಂದು ಕೇಳಿದ್ರೆ ಸಾಕು. ಈಗ ಮೆಟ್ಟಿಲೂ ಇಲ್ಲ.”

“ಕೇಳಬಹುದು ಅಂತಲೇ ಗೊತ್ತಿರಲಿಲ್ಲ ಮೇಡಂ,” ಅಂದಳು ಗಾಜಕ್ಕ.

ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ವ್ಯಾನು ಬಂದು ಹಾರನ್ ಹೊಡೆಯಿತು. ಹಗ್ಗನಿಗೆ ಬೇಡ ಅಂತ ಯಾರೂ ಹೇಳಿರಲಿಲ್ಲ. ಮೇಸ್ತ್ರಿ ಹಾಸಿಗೆಯ ಮೇಲೆ ಎದ್ದು ಕೂತು, ಉಸಿರು ಹಿಡಿದು, ಹೆಂಡತಿಯ ಹೆಜ್ಜೆ ಸದ್ದು ಕೇಳಿದ. ಮಂಚ, ಬೀರು, ಮೇಜು, ಕಂಬ. ಬಾಗಿಲು ತೆರೆಯಿತು.

“ಏನಕ್ಕ, ಸಾಮಾನು ತುಂಬಲಾ?”

“ತುಂಬು. ಬೀದೀಲಿ ಬಿದ್ದಿರೋ ಕಂಬಳಿ ಎಲ್ಲ ಗೋಡೌನಿಗೆ ಹಾಕು. ಆ ಮಗ್ಗನ್ನ ತಂಗಿ ಮನೇಗೆ ಕೊಟ್ಟು ಬಾ, ಅವಳ ಹಿಂದಿನ ಕೋಣೇಲಿ ಜಾಗ ಇದೆಯಂತೆ.”

ಮೇಸ್ತ್ರಿ ಬಿಟ್ಟ ಉಸಿರಿಗೆ ಕಿಟಕಿಯ ಪರದೆ ಹಾರಿ ಸೂರಿಗೆ ಬಡಿಯಿತು.

ಕೋಲಿನ ಪಾಠಕ್ಕೆ ಟೀಚರ್ ಹೇಳಿದ ಹಾಗೆ ಟೈಮು ಹಿಡಿಯಿತು. ಒಂದೆರಡು ಸಲ ಬಿದ್ದಳು, ಒಂದು ಸಲ ಕೋಲನ್ನೇ ಎಸೆದಳು, ಅದು ಹೋಗಿ ಮೇಸ್ತ್ರಿಗೇ ತಗುಲಿತು. ಮತ್ತೆ ಕೆಲಸಕ್ಕೆ ಹೊರಟ ದಿನ ಬೀದಿಯ ತುದಿಯಲ್ಲಿ ವ್ಯಾನು ನಿಂತಿತ್ತು. ಮೇಸ್ತ್ರಿ ಅಭ್ಯಾಸಬಲದಿಂದ ಅವಳ ಹಿಂದೆ ಹೋಗಿ ನಿಂತ.

“ಮುಂದೆ ಬನ್ನಿ,” ಅಂದಳು ಗಾಜಕ್ಕ. ಬಂದ. ಅವನ ಮೊಣಕೈಯನ್ನು ಹುಡುಕಿ ಹಿಡಿದಳು. “ಈಗ ನಡೀರಿ. ಬಾಯಿ ಮುಚ್ಚಿಕೊಂಡು.”

ನಡೆದ. ಬೀರು, ಪಿಯಾನೋ, ಮಲಗಿದ ಅಜ್ಜ, ಏನೆಲ್ಲ ಹೊತ್ತಿದ್ದ ಮೈ ಅದು. ಮೊಣಕೈ ಮೇಲಿನ ಆ ನಾಲ್ಕು ಬೆರಳಿಗಿಂತ ಜೋಪಾನವಾಗಿ ಅವನು ಯಾವುದನ್ನೂ ಸಾಗಿಸಿರಲಿಲ್ಲ. ಆದರೆ ಈ ಸಲ ಎತ್ತುವುದು ಏನೂ ಇರಲಿಲ್ಲ, ಅಡ್ಡ ಬರದೆ ನಡೆದರೆ ಸಾಕಿತ್ತು. ಬೀದಿಯ ತುದಿ ಬಂದಾಗ ತಡೆಯಲಾರದೆ ಪಿಸುಗುಟ್ಟಿದ: “ಮೂಲೆ.”

“ಗೊತ್ತು,” ಅಂದಳು.